ಪಿತ್ತಕೋಶದ ಕ್ಯಾನ್ಸರ್: ಯಾಕೆ ಬರುತ್ತದೆ, ಆಪರೇಷನ್ ಹೇಗೆ ನಡೆಯುತ್ತದೆ, ಲ್ಯಾಬ್ ರಿಪೋರ್ಟ್ ಯಾಕೆ ಓದಲೇಬೇಕು

ನನ್ನ ಚಿಕ್ಕಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲಿತ್ತು. ಆಪರೇಷನ್ ಆಯ್ತು, ಮೂರನೇ ದಿನ ಮನೆಗೆ ಬಂದರು. ಎಲ್ಲ ಮುಗೀತು ಅಂತ ನಾವೆಲ್ಲ ನಿರಾಳವಾಗಿದ್ದೆವು. ತೆಗೆದ ಪಿತ್ತಕೋಶವನ್ನು ಲ್ಯಾಬ್‌ಗೆ ಕಳಿಸಿದ್ದರು, ಹತ್ತು ದಿನಕ್ಕೆ ರಿಪೋರ್ಟ್ ಕೂಡ ಬಂದಿತ್ತು. ಅದನ್ನು ತರಲು ನಾವು ಹೋಗಲಿಲ್ಲ, ಅಲ್ಲಿಂದಲೂ ಯಾರೂ ಫೋನ್ ಮಾಡಲಿಲ್ಲ. ಹೊಲಿಗೆ ಹಾಕಿದ ಜಾಗ ಇನ್ನೂ ನೋಯುತ್ತಿದೆ ಅಂತ ನಾಲ್ಕನೇ ವಾರ ತೋರಿಸಲು ಹೋದಾಗ ಆ ಹಾಳೆ ಕೈಗೆ ಸಿಕ್ಕಿತು. ಕೊನೆಯ ಸಾಲಿನಲ್ಲಿ 'ಅಡಿನೊಕಾರ್ಸಿನೋಮ, ಪಿಟಿ1ಬಿ' ಅಂತ ಟೈಪ್ ಮಾಡಿತ್ತು. ಮೊದಲನೆಯದು ಒಂದು ಬಗೆಯ ಕ್ಯಾನ್ಸರ್‌ನ ಹೆಸರು, ಎರಡನೆಯದು ಅದು ಎಷ್ಟು ಆಳಕ್ಕೆ ಹೋಗಿದೆ ಅನ್ನುವ ಹಂತ.

ಆ ಒಂದು ಸಾಲಿನ ಅರ್ಥ ತಿಳಿಯಲು ನಾವು ಪಟ್ಟ ಪಾಡು ನಿಮಗೆ ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು, ಅವರು ಹೇಳಿದ್ದು ಯಾಕೆ ಅಂತ ಅರ್ಥ ಆಗಬೇಕು, ಅಷ್ಟಕ್ಕೆ ಈ ಬರಹ. ನಿಮ್ಮ ವಿಷಯದಲ್ಲಿ ಏನು ಮಾಡಬೇಕು ಅಂತ ನಿಮ್ಮನ್ನು ಪರೀಕ್ಷೆ ಮಾಡಿದವರೇ ಹೇಳಬೇಕು.

ಮೊದಲು ಆ ಚೀಲ ಎಲ್ಲಿದೆ ಅಂತ ತಿಳಿದುಕೊಳ್ಳಿ

ಬಲಗಡೆ ಪಕ್ಕೆಲುಬಿನ ಕೆಳಗೆ ಯಕೃತ್ತು, ಅಂದರೆ ಲಿವರ್ ಇದೆ. ಅದರ ಕೆಳಭಾಗಕ್ಕೆ ಅಂಟಿಕೊಂಡಿರುವ ಪುಟ್ಟ ಚೀಲವೇ ಪಿತ್ತಕೋಶ. ಉದ್ದ 7ರಿಂದ 10 ಸೆಂ.ಮೀ. ಲಿವರ್ ತಯಾರಿಸಿದ ಪಿತ್ತರಸವನ್ನು ಇದು ಗಟ್ಟಿ ಮಾಡಿ ಇಟ್ಟುಕೊಳ್ಳುತ್ತದೆ, ನಾವು ಊಟ ಮಾಡಿದಾಗ ಹಿಂಡಿ ಕರುಳಿಗೆ ಬಿಡುತ್ತದೆ. ಇದಿಲ್ಲದೆಯೂ ಆರಾಮಾಗಿ ಬದುಕಬಹುದು, ಆಗ ಪಿತ್ತರಸ ಲಿವರ್‌ನಿಂದ ನೇರವಾಗಿ ಕರುಳಿಗೆ ಹೋಗುತ್ತಿರುತ್ತದೆ.

ಇದರ ಗೋಡೆಯ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ, ಯಾಕಂದರೆ ಮುಂದಿನ ಆಪರೇಷನ್ ಎಲ್ಲ ನಿಂತಿರುವುದು ಇದರ ಮೇಲೆ. ಗೋಡೆ ತುಂಬ ತೆಳು, ಸಾಮಾನ್ಯವಾಗಿ 3 ಮಿ.ಮೀ. ಒಳಗೆ. ಹೊಟ್ಟೆ, ಕರುಳುಗಳ ಗೋಡೆಯಲ್ಲಿ ಇರುವಷ್ಟು ಪದರಗಳು ಇದರಲ್ಲಿಲ್ಲ. ಲಿವರ್‌ಗೆ ಅಂಟಿರುವ ಕಡೆಯಂತೂ ಹೊರಗಿನ ಹೊದಿಕೆಯೂ ಇಲ್ಲ. ಒಳಪದರದಲ್ಲಿ ಶುರುವಾದ ಕ್ಯಾನ್ಸರ್ ಸ್ವಲ್ಪ ಆಳಕ್ಕೆ ಇಳಿದರೆ ಸಾಕು, ಪಕ್ಕದಲ್ಲೇ ಲಿವರ್. ಪಿತ್ತಕೋಶದ ಸಣ್ಣ ರಕ್ತನಾಳಗಳೂ ನೇರವಾಗಿ ಲಿವರ್ ಒಳಗೆ ಹೋಗುತ್ತವೆ. 'ಕ್ಯಾನ್ಸರ್ ಇರುವುದು ಪಿತ್ತಕೋಶದಲ್ಲಿ, ಲಿವರ್ ತುಂಡು ಯಾಕೆ ತೆಗೀತಾರೆ?' ಅಂತ ನಾನೂ ಕೇಳಿದ್ದೆ. ಉತ್ತರ ಇದೇ.

ಯಾಕೆ ಬರುತ್ತದೆ, ನಿಮಗೆ ಎಷ್ಟು ಅಪಾಯ

ಹೆಚ್ಚಿನವರ ಕಥೆ ಕಲ್ಲಿನಿಂದ ಶುರುವಾಗುತ್ತದೆ. ಪಿತ್ತಕೋಶದ ಕ್ಯಾನ್ಸರ್ ಇರುವವರಲ್ಲಿ ನೂರಕ್ಕೆ 70ರಿಂದ 90 ಜನರಿಗೆ ಕಲ್ಲೂ ಇರುತ್ತದೆ. ಇದನ್ನು ಓದಿ ಹೆದರಬೇಡಿ. ಇದೇ ಲೆಕ್ಕವನ್ನು ತಿರುಗಿಸಿ ನೋಡಿ: ಕಲ್ಲಿರುವವರಲ್ಲಿ ಕ್ಯಾನ್ಸರ್ ಬರುವುದು ತುಂಬ ಕಡಿಮೆ ಜನರಿಗೆ. ಹಾಗಾಗಿ ನೋವಿಲ್ಲದ ಸಣ್ಣ ಕಲ್ಲು ಸ್ಕ್ಯಾನಿಂಗ್‌ನಲ್ಲಿ ಕಂಡಿತು ಅಂತ ಸುಮ್ನೆ ಎಲ್ಲರೂ ಪಿತ್ತಕೋಶ ತೆಗೆಸಿಕೊಳ್ಳಬೇಕಿಲ್ಲ.

ಕಲ್ಲಿನ ಗಾತ್ರ ಮಾತ್ರ ಮುಖ್ಯ. 3 ಸೆಂ.ಮೀ.ಗಿಂತ ದೊಡ್ಡ ಕಲ್ಲಿದ್ದರೆ ಅಪಾಯ ಬಹಳ ಜಾಸ್ತಿ. ಕಲ್ಲು ವರ್ಷಗಟ್ಟಲೆ ಗೋಡೆಯನ್ನು ಉಜ್ಜುತ್ತಾ ಉರಿಯೂತ ಮಾಡುತ್ತದೆ, ಗಾಯ ಮಾಯುತ್ತದೆ, ಮತ್ತೆ ಗಾಯ ಆಗುತ್ತದೆ. ಈ ಗಲಾಟೆಯಲ್ಲಿ ಜೀವಕೋಶಗಳು ನಿಧಾನಕ್ಕೆ ದಾರಿ ತಪ್ಪುತ್ತವೆ. ಒಂದೆರಡು ವರ್ಷದ ಮಾತಲ್ಲ ಇದು, ಬಹಳ ಕಾಲ ಹಿಡಿಯುತ್ತದೆ.

ಇನ್ನು ಪಾಲಿಪ್, ಅಂದರೆ ಒಳಗೋಡೆಯ ಮೇಲೆ ಬೆಳೆಯುವ ಗುಳ್ಳೆಯಂಥದ್ದು. ಹೆಚ್ಚಿನವು ಬರೀ ಕೊಲೆಸ್ಟ್ರಾಲ್ ಅಂಟಿಕೊಂಡಿದ್ದು, ಏನೂ ಮಾಡುವುದಿಲ್ಲ. 10 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡದಿದ್ದರೆ ಪಿತ್ತಕೋಶ ತೆಗೆಸಿ ಅಂತಲೇ ಹೇಳುತ್ತಾರೆ. 6ರಿಂದ 9 ಮಿ.ಮೀ. ಇದ್ದು, ವಯಸ್ಸು 60 ದಾಟಿದ್ದರೆ ಅಥವಾ ಪಾಲಿಪ್‌ಗೆ ಕಾಂಡವಿಲ್ಲದೆ ಗೋಡೆಗೆ ಚಪ್ಪಟೆಯಾಗಿ ಕೂತಿದ್ದರೆ ಆಗಲೂ ತೆಗೆಸುವ ಮಾತು ಬರುತ್ತದೆ. ಉಳಿದವರಿಗೆ ಸ್ಕ್ಯಾನಿಂಗ್ ಮಾಡಿ ನೋಡುತ್ತಿರುತ್ತಾರೆ. ಬೆಳೆಯುತ್ತಾ ಹೋದರೆ ಬಿಡಬೇಡಿ.

ಉಳಿದ ಕಾರಣಗಳನ್ನು ಬೇಗ ಹೇಳಿಬಿಡುತ್ತೇನೆ. ಪಿತ್ತಕೋಶದ ಗೋಡೆಯಲ್ಲಿ ಸುಣ್ಣದಂಶ ಕಟ್ಟಿಕೊಳ್ಳುವುದು. ಪಿತ್ತನಾಳವೂ ಮೇದೋಜೀರಕ ಗ್ರಂಥಿಯ ನಾಳವೂ ಹುಟ್ಟಿನಿಂದಲೇ ತಪ್ಪು ಜಾಗದಲ್ಲಿ ಸೇರಿಕೊಂಡಿರುವುದು, ಇದು ಪೂರ್ವ ಏಷ್ಯಾದವರಲ್ಲಿ ಹೆಚ್ಚು. ಟೈಫಾಯ್ಡ್ ವಾಸಿಯಾದ ಮೇಲೂ ಆ ಬ್ಯಾಕ್ಟೀರಿಯಾ ಕೆಲವರ ಪಿತ್ತಕೋಶದಲ್ಲಿ, ಕಲ್ಲಿನ ಮೇಲೆ ಪದರ ಕಟ್ಟಿಕೊಂಡು ವರ್ಷಗಟ್ಟಲೆ ಉಳಿದುಬಿಡುವುದು. ಬೊಜ್ಜು, ಸಿಗರೇಟು, ಹತ್ತಿರದ ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಬಂದಿರುವುದು. ವಯಸ್ಸಾದವರಲ್ಲಿ ಜಾಸ್ತಿ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಜಗತ್ತಿನಲ್ಲಿ ಎಲ್ಲ ಕಡೆ ಒಂದೇ ಥರ ಇಲ್ಲ: ದಕ್ಷಿಣ ಅಮೆರಿಕದ ಚಿಲಿ, ನಮ್ಮ ಉತ್ತರ ಭಾರತದ ಗಂಗಾ ಬಯಲು, ಈ ಜಾಗಗಳಲ್ಲಿ ಈ ಕಾಯಿಲೆ ಎದ್ದು ಕಾಣುವಷ್ಟಿದೆ. ಆದರೆ ಯಾರಿಗೆ ಬಂತೋ ಅವರ ತಪ್ಪು ಹುಡುಕಲು ಕೂರಬೇಡಿ. ಚಿಕ್ಕಮ್ಮ ಎಷ್ಟೋ ರಾತ್ರಿ 'ನಾನೇನು ತಪ್ಪು ಮಾಡಿದೆ' ಅಂತ ಕೇಳುತ್ತಿದ್ದರು. ಏನೂ ಮಾಡಿರಲಿಲ್ಲ.

ಯಾವಾಗ ಡಾಕ್ಟರ ಹತ್ತಿರ ಓಡಬೇಕು

ಶುರುವಿನಲ್ಲಿ ಲಕ್ಷಣವೇ ಇರುವುದಿಲ್ಲ, ಈ ಕಾಯಿಲೆಯ ಕಷ್ಟವೇ ಅದು. ಬಲಗಡೆ ಮೇಲ್ಹೊಟ್ಟೆ ನೋವು, ವಾಕರಿಕೆ ಬಂದರೂ ಅದು ಕಲ್ಲಿನ ನೋವಿನ ಹಾಗೇ ಇರುತ್ತದೆ. ಗಮನಿಸಬೇಕಾದದ್ದು ಬದಲಾವಣೆಯನ್ನು. ಬಂದು ಹೋಗುತ್ತಿದ್ದ ನೋವು ಈಗ ಹೋಗುತ್ತಲೇ ಇಲ್ಲ, ಊಟ ಸೇರುತ್ತಿಲ್ಲ, ಕಾರಣವಿಲ್ಲದೆ ತೂಕ ಇಳಿಯುತ್ತಿದೆ, ಹೊಟ್ಟೆಯ ಬಲಭಾಗದಲ್ಲಿ ಗಟ್ಟಿ ಗಂಟು ಕೈಗೆ ಸಿಗುತ್ತಿದೆ ಅಂದರೆ ತಡ ಮಾಡಬೇಡಿ. ಕಣ್ಣು ಹಳದಿಯಾಗಿ, ಮೂತ್ರ ಕಡುಬಣ್ಣಕ್ಕೆ ತಿರುಗಿ, ಮಲ ಬಿಳಿಚಿಕೊಂಡು, ಮೈಯೆಲ್ಲ ತುರಿಸತೊಡಗಿದರೆ ಪಿತ್ತನಾಳ ಕಟ್ಟಿಕೊಂಡಿರಬಹುದು. ಕಾಮಾಲೆ ಅಂತ ಮನೆಮದ್ದು ಮಾಡುತ್ತಾ ವಾರಗಟ್ಟಲೆ ಕಳೆಯಬೇಡಿ, ಪ್ಲೀಸ್. ಮೊದಲು ಒಂದು ಅಲ್ಟ್ರಾಸೌಂಡ್ ಮಾಡಿಸಿ.

ಪರೀಕ್ಷೆಗಳು

ಅಲ್ಟ್ರಾಸೌಂಡ್‌ನಲ್ಲಿ ಗೋಡೆ ಒಂದೇ ಕಡೆ ದಪ್ಪ ಆಗಿದೆ, ಗಡ್ಡೆಯ ಥರ ಇದೆ ಅಂತ ಬರೆದಿದ್ದರೆ, ಮುಂದಿನದು ಕಾಂಟ್ರಾಸ್ಟ್ ಔಷಧಿ ಕೊಟ್ಟು ಮಾಡುವ ಸಿಟಿ ಸ್ಕ್ಯಾನ್. ಹೊಟ್ಟೆಗೆ ಮಾತ್ರ ಅಲ್ಲ, ಎದೆಗೂ. ಗಡ್ಡೆ ಲಿವರ್‌ಗೆ ಎಷ್ಟು ಹೋಗಿದೆ, ರಕ್ತನಾಳಗಳನ್ನು ಸುತ್ತಿಕೊಂಡಿದೆಯಾ, ಶ್ವಾಸಕೋಶಕ್ಕೆ ಹರಡಿದೆಯಾ ಅಂತ ಇದರಲ್ಲಿ ನೋಡುತ್ತಾರೆ. ಕಾಮಾಲೆ ಇದ್ದರೆ ಪಿತ್ತನಾಳದ ಚಿತ್ರ ತೆಗೆಯುವ ಎಂಆರ್‌ಸಿಪಿ ಬೇಕಾಗುತ್ತದೆ. ಕೆಲವರಿಗೆ, ಮೈಯಲ್ಲಿ ಬೇರೆಲ್ಲಾದರೂ ಹರಡಿದೆಯಾ ಅಂತ ನೋಡುವ ಪೆಟ್ ಸ್ಕ್ಯಾನ್ ಹೇಳುತ್ತಾರೆ.

ರಕ್ತದಲ್ಲಿ ಸಿಎ 19-9 ಅನ್ನುವ ಅಂಶ ಎಷ್ಟಿದೆ ಅಂತ ನೋಡುವ ಒಂದು ಟೆಸ್ಟ್ ಇದೆ, ಈ ಕ್ಯಾನ್ಸರ್ ಇದ್ದರೆ ಅದು ಏರಬಹುದು. ಅದರ ನಂಬರ್ ನೋಡಿ ಎದೆ ಒಡೆದುಕೊಳ್ಳಬೇಡಿ. ಬರೀ ಕಾಮಾಲೆ, ಬರೀ ಸೋಂಕು ಇದ್ದರೂ ಅದು ಏರುತ್ತದೆ. ಇನ್ನು ಕೆಲವರ ದೇಹ ಹುಟ್ಟಿನಿಂದಲೇ ಆ ಅಂಶವನ್ನು ತಯಾರಿಸುವುದಿಲ್ಲ, ಕ್ಯಾನ್ಸರ್ ಇದ್ದರೂ ನಂಬರ್ ಏರದು.

'ಸೂಜಿ ಹಾಕಿ ಬಯಾಪ್ಸಿ, ಅಂದರೆ ಒಂದು ಚೂರು ತೆಗೆದು ಲ್ಯಾಬ್‌ನಲ್ಲಿ ನೋಡಿ, ಖಚಿತ ಮಾಡಿಕೊಳ್ಳಬಹುದಲ್ವಾ?' ಅಂತ ಅನಿಸುವುದು ಸಹಜ. ಆಪರೇಷನ್‌ನಿಂದ ತೆಗೆಯಬಹುದಾದ ಗಡ್ಡೆ ಆಗಿದ್ದರೆ ಸಾಮಾನ್ಯವಾಗಿ ಸೂಜಿ ಹಾಕುವುದಿಲ್ಲ. ಸೂಜಿಯ ದಾರಿಯಲ್ಲಿ, ಚೆಲ್ಲಿದ ಪಿತ್ತರಸದಲ್ಲಿ ಕ್ಯಾನ್ಸರ್ ಕೋಶಗಳು ಹೊಟ್ಟೆಯೊಳಗೆ ಹರಡುವ ಭಯ ಇದೆ. ಸ್ಕ್ಯಾನ್ ನೋಡಿ ಅನುಮಾನ ಬಲವಾಗಿದ್ದರೆ ನೇರವಾಗಿ ಆಪರೇಷನ್. ತೆಗೆದ ಮೇಲೆ ಅದು ಕ್ಯಾನ್ಸರ್ ಅಲ್ಲ, ಹಳೆಯ ಉರಿಯೂತ ಅಷ್ಟೇ ಅಂತ ಬರುವುದೂ ಉಂಟು. ಇದನ್ನು ಮೊದಲೇ ತಿಳಿದಿರಿ. ಕೀಮೋ ಕೊಡಬೇಕಾದರೆ ಮಾತ್ರ ಬಯಾಪ್ಸಿ ಬೇಕೇ ಬೇಕು.

ಯಾವ ಹಂತಕ್ಕೆ ಯಾವ ಆಪರೇಷನ್

ರಿಪೋರ್ಟ್‌ನಲ್ಲಿ 'ಟಿ' ಅಂತ ಬರೆದು ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ. ಕ್ಯಾನ್ಸರ್ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಅಂತ ಅದರ ಅರ್ಥ. ಮುಂದೆ 'ಪಿ' ಇದ್ದರೆ ತೆಗೆದ ಭಾಗವನ್ನು ಲ್ಯಾಬ್‌ನಲ್ಲಿ ನೋಡಿ ಹೇಳಿದ್ದು ಅಂತ.

ಟಿ1ಎ ಅಂದರೆ ಒಳಪದರದಲ್ಲೇ ಇದೆ. ಪಿತ್ತಕೋಶ ಪೂರ್ತಿ ಹೊರಬಂದು, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಅಷ್ಟೇ ಸಾಕು. ಬಹುಪಾಲು ಜನ ಪೂರ್ತಿ ವಾಸಿಯಾಗುತ್ತಾರೆ.

ಟಿ1ಬಿ ಅಂದರೆ ಸ್ನಾಯುಪದರ ಮುಟ್ಟಿದೆ. ಎ ಮತ್ತು ಬಿ ನಡುವೆ ಒಂದು ಅಕ್ಷರದ ವ್ಯತ್ಯಾಸ, ಆದರೆ ಇಲ್ಲಿಂದ ಆಪರೇಷನ್ ಬೇರೆಯಾಗುತ್ತದೆ. ಟಿ2 ಅಂದರೆ ಸ್ನಾಯು ದಾಟಿದೆ. ಇದರಲ್ಲೂ ಲಿವರ್ ಕಡೆಯ ಗೋಡೆಯಲ್ಲಿದ್ದರೆ ಹೆಚ್ಚು ಕೆಟ್ಟದ್ದು, ಅದನ್ನು ಟಿ2ಬಿ ಅಂತ ಬೇರೆಯಾಗಿ ಬರೆಯುತ್ತಾರೆ. ಟಿ3 ಅಂದರೆ ಹೊರಪೊರೆ ತೂರಿದೆ, ಇಲ್ಲವೇ ಲಿವರ್‌ಗೋ ಪಕ್ಕದ ಒಂದು ಅಂಗಕ್ಕೋ ಹೋಗಿದೆ. ಟಿ4 ಅಂದರೆ ಲಿವರ್‌ಗೆ ಹೋಗುವ ಮುಖ್ಯ ರಕ್ತನಾಳ ಅಥವಾ ಲಿವರ್ ಬಿಟ್ಟು ಒಂದಕ್ಕಿಂತ ಹೆಚ್ಚು ಅಂಗ ಹಿಡಿದಿದೆ.

ಟಿ1ಬಿಯಿಂದ ಮುಂದಕ್ಕೆ, ಬೇರೆಡೆ ಹರಡಿಲ್ಲದಿದ್ದರೆ, ಮಾಡುವುದು ರಾಡಿಕಲ್ ಕೊಲೆಸಿಸ್ಟೆಕ್ಟಮಿ. ಪಿತ್ತಕೋಶ, ಅದಕ್ಕೆ ಅಂಟಿದ ಲಿವರ್‌ನ ಒಂದು ಭಾಗ, ಪಿತ್ತನಾಳದ ಸುತ್ತಲಿನ ಲಿಂಫ್ ಗ್ರಂಥಿಗಳು (ಕ್ಯಾನ್ಸರ್ ಹರಡುವಾಗ ತಲುಪುವ ಸಣ್ಣ ಗಂಟುಗಳು), ಈ ಮೂರೂ ಹೊರಬರುತ್ತವೆ. ಲಿವರ್ ಭಾಗ ಅಂದರೆ ಸಾಮಾನ್ಯವಾಗಿ 2ರಿಂದ 3 ಸೆಂ.ಮೀ. ದಪ್ಪದ ತುಂಡು, ಇಲ್ಲವೇ 4ಬಿ ಮತ್ತು 5 ಅಂತ ಕರೆಯುವ ಎರಡು ವಿಭಾಗಗಳು. ಲಿಂಫ್ ಗ್ರಂಥಿ ಕನಿಷ್ಠ 6 ಆದರೂ ಸಿಗಬೇಕು, ಇಲ್ಲದಿದ್ದರೆ ಹರಡಿದೆಯೋ ಇಲ್ಲವೋ ಅಂತ ಸರಿಯಾಗಿ ಹೇಳಲಾಗದು.

ಥಿಯೇಟರ್ ಒಳಗೆ ಏನಾಗುತ್ತದೆ ಅಂತ ಸರ್ಜನ್ ನಮಗೆ ಒಂದು ಹಾಳೆಯ ಹಿಂದೆ ಚಿತ್ರ ಬರೆದು ತೋರಿಸಿದರು. ಮೊದಲು ಸಣ್ಣ ರಂಧ್ರದಿಂದ ಕ್ಯಾಮೆರಾ ಹಾಕಿ ಹೊಟ್ಟೆಯ ಒಳಪೊರೆ, ಲಿವರ್‌ನ ಮೇಲ್ಮೈ ನೋಡುತ್ತಾರೆ. ಸ್ಕ್ಯಾನ್‌ನಲ್ಲಿ ಕಾಣದ ಸಣ್ಣ ಸಣ್ಣ ಬಿಳಿ ಚುಕ್ಕೆಗಳು ಅಲ್ಲಿ ಕಂಡರೆ ಹರಡಿದೆ ಅಂತ ಅರ್ಥ, ದೊಡ್ಡದಾಗಿ ಕೊಯ್ಯದೆ ಅಲ್ಲಿಗೇ ನಿಲ್ಲಿಸುತ್ತಾರೆ. ಅದು ಇಲ್ಲದಿದ್ದರೆ ಕರುಳಿನ ಹಿಂದೆ, ಬೆನ್ನೆಲುಬಿನ ಮುಂದಿರುವ ದೊಡ್ಡ ರಕ್ತನಾಳಗಳ ನಡುವಿನ ಒಂದು ಲಿಂಫ್ ಗ್ರಂಥಿ ತೆಗೆದು, ಹೆಪ್ಪುಗಟ್ಟಿಸಿ, ಅಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅಲ್ಲಿಯವರೆಗೆ ಹೋಗಿದ್ದರೆ ದೊಡ್ಡ ಆಪರೇಷನ್‌ನಿಂದ ಲಾಭ ಇಲ್ಲ. ಆಮೇಲೆ ಪಿತ್ತಕೋಶದ ಕೊಳವೆಯ ತುದಿಯನ್ನೂ ಹಾಗೇ ಪರೀಕ್ಷಿಸುತ್ತಾರೆ. ಆ ತುದಿಯಲ್ಲಿ ಕ್ಯಾನ್ಸರ್ ಇದ್ದರೆ ಮುಖ್ಯ ಪಿತ್ತನಾಳವನ್ನೂ ತೆಗೆದು, ಸಣ್ಣ ಕರುಳನ್ನು ಮೇಲೆ ತಂದು ಲಿವರ್‌ನ ನಾಳಕ್ಕೆ ಹೊಲಿಯಬೇಕು. ಇಲ್ಲದಿದ್ದರೆ ಪಿತ್ತನಾಳವನ್ನು ಮುಟ್ಟುವುದಿಲ್ಲ. ಲಿವರ್ ಕತ್ತರಿಸುವಾಗ ರಕ್ತ ಹೆಚ್ಚು ಹೋಗದಂತೆ ಅದಕ್ಕೆ ಬರುವ ರಕ್ತವನ್ನು ಸ್ವಲ್ಪ ಹೊತ್ತು ತಡೆದು, ಬಿಟ್ಟು, ಮತ್ತೆ ತಡೆದು ಕೆಲಸ ಮಾಡುವುದುಂಟು.

ಕೆಲವರಿಗೆ ಲಿವರ್‌ನ ಬಲಭಾಗ ಪೂರ್ತಿ ತೆಗೆಯಬೇಕಾಗುತ್ತದೆ. ಉಳಿಯುವ ಭಾಗ ಸಾಲದು ಅನಿಸಿದರೆ, ತೆಗೆಯುವ ಕಡೆಗೆ ಹೋಗುವ ರಕ್ತನಾಳವನ್ನು ಮೊದಲೇ ಮುಚ್ಚಿ, ಕೆಲವು ವಾರ ಕಾಯುತ್ತಾರೆ. ಆಗ ಉಳಿಯುವ ಭಾಗ ತಾನಾಗಿ ಬೆಳೆಯುತ್ತದೆ. ಕಾಮಾಲೆ ಇರುವವರಿಗೆ ಇಂಥ ಆಪರೇಷನ್‌ಗೆ ಮೊದಲು ಕೊಳವೆ ಹಾಕಿ ಪಿತ್ತರಸ ಇಳಿಸುತ್ತಾರೆ. 'ಇಷ್ಟು ದಿನ ಯಾಕೆ ಕಾಯಿಸ್ತಿದ್ದಾರೆ' ಅಂತ ಮನೆಯವರು ಸಿಟ್ಟಾಗುವುದು ಇಲ್ಲೇ. ಆ ಕಾಯುವಿಕೆಯೂ ಚಿಕಿತ್ಸೆಯ ಭಾಗ.

ಸರ್ಜನ್‌ರನ್ನು ಆರಿಸುವುದು

ಇದನ್ನು ನಾನು ಒತ್ತಿ ಹೇಳುತ್ತೇನೆ. ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ಅನುಮಾನ ಇದ್ದರೆ, ಲಿವರ್ ಮತ್ತು ಪಿತ್ತನಾಳದ ಆಪರೇಷನ್ ದಿನಾ ಮಾಡುವವರ ಹತ್ತಿರವೇ ಹೋಗಿ. 'ಮೊದಲು ಪಿತ್ತಕೋಶ ತೆಗೆಯೋಣ, ಆಮೇಲೆ ನೋಡೋಣ' ಅನ್ನುವ ದಾರಿ ಒಳ್ಳೆಯದಲ್ಲ. ಲಿವರ್‌ನಿಂದ ಪಿತ್ತಕೋಶವನ್ನು ಬಿಡಿಸುವಾಗ ಗಡ್ಡೆಯೇ ಸೀಳಿಹೋದರೆ ವಾಸಿಯಾಗುವ ಅವಕಾಶ ಕಡಿಮೆಯಾಗುತ್ತದೆ. ಹೀಗೆ ಕೇಳಿ: ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡುತ್ತೀರಿ? ಲಿವರ್ ಭಾಗ ತೆಗೆಯಬೇಕಾಗಿ ಬಂದರೆ ಇಲ್ಲೇ ಆಗುತ್ತದೆಯೇ? ಆಪರೇಷನ್ ನಡುವೆಯೇ ಲ್ಯಾಬ್‌ನವರು ತುಂಡು ನೋಡಿ ಹೇಳುವ ವ್ಯವಸ್ಥೆ ಇದೆಯೇ? ಇದನ್ನೆಲ್ಲ ಕೇಳಿದರೆ ಒಳ್ಳೆಯ ಡಾಕ್ಟರ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಕಲ್ಲಿನ ಆಪರೇಷನ್ ಆದ ಮೇಲೆ ಕ್ಯಾನ್ಸರ್ ಅಂತ ಗೊತ್ತಾದರೆ

ನಮಗೆ ಆಗಿದ್ದು ಇದೇ, ಮತ್ತು ಬಹಳ ಜನರಿಗೆ ಗೊತ್ತಾಗುವುದೂ ಹೀಗೇ. ಆದ್ದರಿಂದ ಯಾವ ಕಾರಣಕ್ಕೆ ಪಿತ್ತಕೋಶ ತೆಗೆಸಿದರೂ ಅದನ್ನು ಲ್ಯಾಬ್‌ಗೆ ಕಳಿಸಿದ್ದಾರಾ ಅಂತ ಕೇಳಿ. ಆಪರೇಷನ್ ಆದ ದಿನವೇ ರಿಪೋರ್ಟ್ ಬರುವ ತಾರೀಖು ಬರೆದುಕೊಳ್ಳಿ. ಅವರು ಕರೆಯುತ್ತಾರೆ ಅಂತ ಕಾಯಬೇಡಿ. ಕಲ್ಲನ್ನು ಡಬ್ಬಿಯಲ್ಲಿ ಹಾಕಿ ನಮ್ಮ ಕೈಗೆ ಕೊಟ್ಟರು, ಅದನ್ನು ಮನೆಗೆ ಬಂದವರಿಗೆಲ್ಲ ತೋರಿಸಿದೆವು. ಹಾಳೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ಟಿ1ಎ ಇದ್ದು ಅಂಚು ಸ್ವಚ್ಛ ಇದ್ದರೆ ಇನ್ನೊಂದು ಆಪರೇಷನ್ ಬೇಡ. ಟಿ1ಬಿ, ಟಿ2, ಟಿ3 ಇದ್ದರೆ ಮತ್ತೆ ಸ್ಕ್ಯಾನ್ ಮಾಡಿ, ಹರಡಿಲ್ಲ ಅಂತ ಖಾತ್ರಿ ಮಾಡಿಕೊಂಡು, ಲಿವರ್ ತುಂಡು ಮತ್ತು ಲಿಂಫ್ ಗ್ರಂಥಿ ತೆಗೆಯುವ ಎರಡನೇ ಆಪರೇಷನ್ ಮಾಡುತ್ತಾರೆ. ಮೊದಲ ಆಪರೇಷನ್ ಆಗಿ 4ರಿಂದ 8 ವಾರಗಳ ನಡುವೆ ಇದಾದರೆ ಒಳ್ಳೆಯದು ಅಂತ 2017ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ತೋರಿಸಿದೆ. ಹೆಚ್ಚು ಬೇಗ ಮಾಡಿದರೆ ಮೊದಲ ಗಾಯದ ಊತ ಇನ್ನೂ ಇರುತ್ತದೆ, ತೀರಾ ತಡವಾದರೆ ಉಳಿದ ಕ್ಯಾನ್ಸರ್ ಹರಡಲು ಸಮಯ ಕೊಟ್ಟ ಹಾಗೆ. ನಮಗೆ ಆಗಲೇ ನಾಲ್ಕು ವಾರ ಕಳೆದಿತ್ತು. ಇನ್ನೂ ಒಂದು ತಿಂಗಳು ಯಾರೂ ನೋಡದಿದ್ದರೆ ಅಂತ ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಎರಡನೇ ಸರ್ಜನ್ ಹತ್ತಿರ ಹೋಗುವಾಗ ಡಿಸ್ಚಾರ್ಜ್ ಹಾಳೆ ಮಾತ್ರ ಒಯ್ದರೆ ಸಾಲದು. ಮೊದಲ ಆಪರೇಷನ್‌ನ ವಿವರದ ಟಿಪ್ಪಣಿ ಕೇಳಿ ಪಡೆಯಿರಿ: ಪಿತ್ತಕೋಶ ಒಡೆದು ಪಿತ್ತರಸ ಚೆಲ್ಲಿತ್ತಾ, ಚೀಲದಲ್ಲಿ ಹಾಕಿ ಹೊರತೆಗೆದರಾ. ಲ್ಯಾಬ್‌ನಿಂದ ಗಾಜಿನ ಸ್ಲೈಡ್ ಮತ್ತು ತೆಗೆದ ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಕೂಡ ಪಡೆಯಿರಿ. ಹೊಸ ಆಸ್ಪತ್ರೆಯವರು ಅದನ್ನು ಮತ್ತೊಮ್ಮೆ ನೋಡುತ್ತಾರೆ, ಹಂತ ಬದಲಾಗುವುದೂ ಉಂಟು. ಹಿಂದೆ ಲ್ಯಾಪ್ರೋಸ್ಕೋಪಿಯ ರಂಧ್ರಗಳ ಜಾಗದ ಚರ್ಮವನ್ನೂ ಕತ್ತರಿಸಿ ತೆಗೆಯುತ್ತಿದ್ದರು, ಈಗ ಎಲ್ಲರಿಗೂ ಅದನ್ನು ಮಾಡುವುದಿಲ್ಲ.

ಆಪರೇಷನ್‌ಗೆ ಮೊದಲಿನ ದಿನಗಳು

ಸಿಗರೇಟು ಇವತ್ತೇ ನಿಲ್ಲಿಸಿ. ದಿನಾ ನಡೆಯಿರಿ, ಉಸಿರಾಟದ ವ್ಯಾಯಾಮ ಮಾಡಿ. ರಕ್ತ ತೆಳುವಾಗುವ ಮಾತ್ರೆ, ಶುಗರ್ ಮಾತ್ರೆ ತಗೊಳ್ಳುತ್ತಿದ್ದರೆ ಮರೆಯದೆ ಹೇಳಿ, ಯಾವುದನ್ನು ಯಾವಾಗ ನಿಲ್ಲಿಸಬೇಕು ಅಂತ ಅವರೇ ಹೇಳುತ್ತಾರೆ. ಕಾಮಾಲೆಯಲ್ಲಿ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುವುದರಿಂದ ವಿಟಮಿನ್ ಕೆ ಇಂಜೆಕ್ಷನ್ ಕೊಡಬಹುದು.

ಆದ ಮೇಲೆ

ಎದ್ದಾಗ ಹೊಟ್ಟೆಯ ಪಕ್ಕ ಒಂದು ಕೊಳವೆ ಇರುತ್ತದೆ, ಅದರ ತುದಿಯಲ್ಲಿ ಚೀಲ. ಅದರಲ್ಲಿ ಬರುವ ನೀರಿನ ಬಣ್ಣ ಗಮನಿಸಿ. ತಿಳಿ ಕೆಂಪಿನಿಂದ ನಿಧಾನಕ್ಕೆ ತಿಳಿ ಹಳದಿಗೆ ತಿರುಗಿದರೆ ಸರಿ. ಹಸಿರು ಇಲ್ಲವೇ ಗಾಢ ಅರಿಶಿನ ಬಣ್ಣ ಬಂದರೆ ಲಿವರ್ ಕತ್ತರಿಸಿದ ಜಾಗದಿಂದ ಪಿತ್ತರಸ ಸೋರುತ್ತಿರಬಹುದು, ಕೂಡಲೇ ನರ್ಸ್‌ಗೆ ತೋರಿಸಿ. ಎಷ್ಟೋ ಸಲ ಕೊಳವೆ ಇದ್ದರೆ ಅದು ತಾನಾಗೇ ನಿಲ್ಲುತ್ತದೆ. ನೋವಿದ್ದರೂ ಮರುದಿನವೇ ಎಬ್ಬಿಸಿ ಕೂರಿಸುತ್ತಾರೆ, ನಡೆಸುತ್ತಾರೆ. ಪಾಪ ಅನಿಸಿದರೂ ತಡೆಯಬೇಡಿ. ಮಲಗೇ ಇದ್ದರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಕಫ ಕಟ್ಟುತ್ತದೆ.

ಮನೆಗೆ ಬಂದ ಮೇಲೆ ಸ್ವಲ್ಪ ಸ್ವಲ್ಪ, ಹಲವು ಸಲ ಊಟ. ಜಿಡ್ಡು ಮೊದಮೊದಲು ಕಡಿಮೆ. ಆರು ವಾರ ಭಾರ ಎತ್ತಬೇಡಿ. ಜ್ವರ, ಚಳಿ, ಕಣ್ಣು ಹಳದಿ, ಹೊಟ್ಟೆ ಉಬ್ಬರ, ಗಾಯದಿಂದ ಕೀವು, ಇವುಗಳಲ್ಲಿ ಒಂದು ಬಂದರೂ ಬೆಳಗಾಗಲಿ ಅಂತ ಕಾಯಬೇಡಿ.

ಫೈನಲ್ ರಿಪೋರ್ಟ್ ನೋಡಿ ಕೀಮೋ ಬೇಕೇ ಅಂತ ತೀರ್ಮಾನ ಮಾಡುತ್ತಾರೆ. ಆಪರೇಷನ್ ನಂತರ ಆರು ತಿಂಗಳು ಕೆಪೆಸಿಟಬಿನ್ ಎಂಬ ಕೀಮೋ ಮಾತ್ರೆ ಕೊಡುವುದು 2019ರಲ್ಲಿ ಬ್ರಿಟನ್ನಿನ ಬಿಲ್‌ಕ್ಯಾಪ್ ಅಧ್ಯಯನ ಪ್ರಕಟವಾದ ಮೇಲೆ ಬಹಳ ಕಡೆ ರೂಢಿಗೆ ಬಂದಿದೆ.

ಆಪರೇಷನ್ ಆಗುವುದಿಲ್ಲ ಅಂದರೆ

ಬೇರೆ ಅಂಗಗಳಿಗೆ ಹರಡಿದ್ದರೆ ಪಿತ್ತಕೋಶ ಒಂದನ್ನೇ ತೆಗೆದು ಪ್ರಯೋಜನ ಇಲ್ಲ, ಸುಮ್ನೆ ಗಾಯದ ನೋವು ಮತ್ತು ಕಳೆದ ದಿನಗಳು. ಹೇಗಾದರೂ ಕೊಯ್ದು ತೆಗೀರಿ ಅಂತ ಒತ್ತಾಯ ಮಾಡಬೇಡಿ. ಏನೂ ಮಾಡಲಾಗದು ಅಂತಲೂ ಅಲ್ಲ. ಜೆಮ್‌ಸಿಟಬಿನ್ ಮತ್ತು ಸಿಸ್ಪ್ಲಾಟಿನ್ ಜೋಡಿ ಕೀಮೋ 2010ರಿಂದ ರೂಢಿಯಲ್ಲಿದೆ, ಈಗ ಅದರ ಜೊತೆ ಇಮ್ಯುನೋಥೆರಪಿಯನ್ನೂ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಔಷಧಿಯನ್ನೂ ಸೇರಿಸುತ್ತಾರೆ. ಕೆಲವರ ಗಡ್ಡೆಯಲ್ಲಿ ಹರ್2 ಎಂಬ ಪ್ರೋಟೀನ್ ಹೆಚ್ಚಿದ್ದು, ಅದಕ್ಕೇ ಗುರಿಯಿಟ್ಟ ಔಷಧಿ ಇದೆ. ಆ ಟೆಸ್ಟ್ ಮಾಡಿಸಿದ್ದಾರಾ ಅಂತ ಕೇಳಿ. ಒಂದೇ ಜಾಗದಲ್ಲಿ ದೊಡ್ಡದಾಗಿದ್ದ ಗಡ್ಡೆ ಕೀಮೋದಿಂದ ಚಿಕ್ಕದಾಗಿ, ಆಮೇಲೆ ಆಪರೇಷನ್ ಆದವರೂ ಇದ್ದಾರೆ. ಪಿತ್ತನಾಳ ಕಟ್ಟಿದ್ದರೆ ಅದನ್ನು ತೆರೆದಿಡುವ ಸಣ್ಣ ಕೊಳವೆ, ಅಂದರೆ ಸ್ಟೆಂಟ್ ಹಾಕುತ್ತಾರೆ, ತುರಿಕೆ ನಿಂತು ಊಟ ಸೇರತೊಡಗುತ್ತದೆ. ಸ್ಟೆಂಟ್ ಇರುವವರಿಗೆ ಚಳಿಜ್ವರ ಬಂದರೆ ಅದು ಕಟ್ಟಿಕೊಂಡು ಸೋಂಕಾಗಿದೆ ಅಂತಲೇ ಲೆಕ್ಕ, ಮಾತ್ರೆ ನುಂಗಿ ಮಲಗಬಾರದು. ನೋವಿಗೆ ಒಳ್ಳೆಯ ಔಷಧಿಗಳಿವೆ. ನೋವು, ತೊಂದರೆ ಕಡಿಮೆ ಮಾಡುವ ಉಪಶಮನ ಚಿಕಿತ್ಸೆಯ ಡಾಕ್ಟರನ್ನು ಕೊನೆಗಾಲಕ್ಕೆ ಅಂತ ಇಟ್ಟುಕೊಳ್ಳದೆ ಮೊದಲೇ ಭೇಟಿ ಮಾಡಿ.

ಮುಂದಿನ ತಪಾಸಣೆಗಳು

ಮೊದಲ ಎರಡು ವರ್ಷ ಸಾಮಾನ್ಯವಾಗಿ 3ರಿಂದ 6 ತಿಂಗಳಿಗೊಮ್ಮೆ, ಆಮೇಲೆ ಅಂತರ ಹೆಚ್ಚಿಸಿ ಐದು ವರ್ಷದವರೆಗೆ ಕರೆಯುತ್ತಾರೆ. ಚಿಕ್ಕಮ್ಮನ ಎರಡನೇ ಆಪರೇಷನ್‌ನಲ್ಲಿ ತೆಗೆದ ಎಂಟು ಲಿಂಫ್ ಗ್ರಂಥಿಗಳಲ್ಲೂ, ಲಿವರ್ ತುಂಡಿನಲ್ಲೂ ಏನೂ ಇರಲಿಲ್ಲ. ಆದರೂ ಒಂದು ತಪಾಸಣೆಯನ್ನೂ ಬಿಟ್ಟಿಲ್ಲ. ಹೋಗುವಾಗ ಹಳೆಯ ಸ್ಕ್ಯಾನ್‌ನ ಸಿ.ಡಿ.ಗಳನ್ನೂ ಒಯ್ಯಿರಿ. ಲಿವರ್ ಮೇಲೆ ಸಣ್ಣ ಚುಕ್ಕೆ ಕಂಡಾಗ ಅದು ಹೊಸದೋ, ಹೋದ ಸಲವೂ ಇತ್ತೋ ಅಂತ ಡಾಕ್ಟರ್ ಮೊದಲು ನೋಡುವುದು ಅದನ್ನೇ.